ನೀರು ನುಂಗಿ ನೀರುಗುಳುವ ದೋಣಿ

ಶೃಂಗೇರಿಯಿಂದ ಕಿಗ್ಗದ ದಾರಿ ಹಿಡಿದು, ಋಷ್ಯಶೃಂಗನ ಗುಡಿ ದಾಟಿ, ಕಾಫಿ ತೋಟಗಳ ನಡುವೆ ಇನ್ನಷ್ಟು ಮುಂದೆ ಹೋದರೆ ಸಿರಿಮನೆ ಜಲಪಾತ ಸಿಗುತ್ತದೆ. ಜೋಗದ ಹಾಗೆ ದೂರ ನಿಂತು ನೋಡಿ ಬರುವ ಜಲಪಾತ ಇದಲ್ಲ. ಮಳೆಯ ಅಬ್ಬರ ಇಳಿದ ಮೇಲೆ ಜನ ಇದರ ಬುಡಕ್ಕೇ ಹೋಗಿ ಬೆನ್ನೊಡ್ಡಿ ನಿಲ್ಲುತ್ತಾರೆ. ಹಾಗೆ ನಿಂತವರಿಗೆಲ್ಲ ಗೊತ್ತು: ಮೇಲಿನ ಬಂಡೆಯ ಮೇಲೆ ಸದ್ದಿಲ್ಲದೆ ಜಾರುವ ನೀರೇ ಕೆಳಗೆ ಬರುವಷ್ಟರಲ್ಲಿ ಗುದ್ದುತ್ತದೆ. ಲೆಕ್ಕವೂ ಸುಲಭ. 5 ಮೀಟರ್ ಎತ್ತರದಿಂದ ಬಿದ್ದ ನೀರು ತಳ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗ ಪಡೆದಿರುತ್ತದೆ. ಎತ್ತರ ಕೊಟ್ಟಿದ್ದನ್ನು ನೀರು ವೇಗವಾಗಿ ಮಾರ್ಪಡಿಸಿಕೊಂಡಿರುತ್ತದೆ, ಅಷ್ಟೆ.

ಈಗ ಒಂದು ತಮಾಷೆಯ ಪ್ರಶ್ನೆ. ಈ ಜಲಪಾತವನ್ನು ಅಡ್ಡ ಮಲಗಿಸಿ ದೋಣಿಯೊಂದರ ಬೆನ್ನಿಗೆ ಕಟ್ಟಿದರೆ ಏನಾದೀತು? ನೀರು ಹಿಂದಕ್ಕೆ ಚಿಮ್ಮೀತು, ದೋಣಿ ಮುಂದಕ್ಕೆ ನುಗ್ಗೀತು.

ಇದು ಬರೀ ಕಲ್ಪನೆಯಲ್ಲ. 2017ರ ಮಾರ್ಚ್ 9ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ತಿಲ್ಲಾಂಚಾಂಗ್ ಎಂಬ ಯುದ್ಧನೌಕೆ ಓಡುವುದು ಹೀಗೆಯೇ. ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ ತಯಾರಾದ, ಸುಮಾರು 49 ಮೀಟರ್ ಉದ್ದದ ಈ ನೌಕೆ ತಳದಿಂದ ನೀರನ್ನು ಒಳಗೆಳೆದುಕೊಂಡು ಹಿಂಬದಿಯಿಂದ ರಭಸವಾಗಿ ಹೊರಗೆ ಉಗುಳುತ್ತದೆ. ಅದರ ಬಲದಿಂದಲೇ 35 ನಾಟ್, ಎಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗ ಮುಟ್ಟುತ್ತದೆ. ಈ ಬಗೆಯ ಚಾಲನೆಗೆ ‘ವಾಟರ್ ಜೆಟ್’ ಎಂದು ಹೆಸರು.

ಇದೇ ಜೆಟ್ ಈಗ ಮೊಣಕೈ ಉದ್ದದ ಮಾದರಿ ದೋಣಿಗಳಿಗೂ ಬಂದಿದೆ. ಹವ್ಯಾಸಿಗಳು ಅಂಗೈಯಲ್ಲಿ ಹಿಡಿಸುವ ಜೆಟ್ ಘಟಕವನ್ನು ಕೊಂಡು ತರುತ್ತಾರೆ, ಕೆಲವರು 3ಡಿ ಮುದ್ರಣ ಯಂತ್ರದಲ್ಲಿ ತಾವೇ ತಯಾರಿಸಿಕೊಳ್ಳುತ್ತಾರೆ. ಆಮೇಲೆ ಕೈಗೆ ಸಿಕ್ಕಿದ ಯಾವುದೋ ದೋಣಿಗೆ ತೂತು ಕೊರೆದು ಅದನ್ನು ಕೂರಿಸುತ್ತಾರೆ. ಮೋಟಾರು ಕಿರುಚುತ್ತದೆ, ಹಿಂದೆ ನೀರು ಕಾರಂಜಿಯಾಗಿ ಚಿಮ್ಮುತ್ತದೆ, ದೋಣಿ ಮಾತ್ರ ಎಮ್ಮೆಯಂತೆ ನಿಧಾನವಾಗಿ ತೇಲುತ್ತದೆ. ಮೋಟಾರು ಸಾಲದೆಂದು ಇನ್ನೂ ದೊಡ್ಡದನ್ನು ತಂದರೆ ದೋಣಿ ಮತ್ತಷ್ಟು ಭಾರವಾಗುತ್ತದೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಂಥ ದೋಣಿಗೆ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಜೆಟ್ ಎತ್ತು, ದೋಣಿಯ ಒಡಲು ಕೋಣ. ಎರಡನ್ನೂ ಒಂದೇ ನೊಗಕ್ಕೆ ಹೊಂದುವಂತೆ ರೂಪಿಸಿದರೆ ಮಾತ್ರ ವೇಗ. ಬೇರೆ ಬೇರೆಯಾಗಿ ಎರಡೂ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಯಾಕೆ ಎಂಬುದನ್ನು ಹೈಸ್ಕೂಲಿನ ಭೌತವಿಜ್ಞಾನದಷ್ಟರಿಂದಲೇ ತಿಳಿದುಕೊಳ್ಳಬಹುದು.

ತೋಟದಲ್ಲೇ ಇದೆ ತತ್ವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳು ಜೆಟ್ಟಿನ ತತ್ವವನ್ನು ಪುಸ್ತಕದಲ್ಲಿ ಹುಡುಕಬೇಕಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ ತಡವಾದರೆ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಓಡುತ್ತದೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಎರಡರಲ್ಲೂ ಇರುವುದು ಒಂದು ಪಂಪು, ಒಂದು ಪೈಪು, ತುದಿಯಲ್ಲಿ ಕಿರಿದಾದ ಮೂತಿ. ಜೋರಾಗಿ ನೀರು ಚಿಮ್ಮುವ ಪೈಪನ್ನು ಕೈಯಲ್ಲಿ ಹಿಡಿದವರಿಗೆ ಅದು ಹಿಂದಕ್ಕೆ ಒದೆಯುವುದು ಗೊತ್ತಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಎಂದರೆ ಆ ಒದೆತವೇ. ಕಡಲಿನಲ್ಲಿ ಬೊಂಡಾಸು ಎಂಬ ಜೀವಿ ಮನುಷ್ಯ ಹುಟ್ಟುವ ಮೊದಲಿನಿಂದಲೂ ದೇಹದೊಳಗೆ ನೀರು ತುಂಬಿಕೊಂಡು, ಕೊಳವೆಯಿಂದ ಪಿಚಕ್ಕನೆ ಹೊರಬಿಟ್ಟು, ಇದೇ ಒದೆತದ ಬಲದಿಂದ ಈಜುತ್ತಿದೆ.

ಜೆಟ್ ದೋಣಿಯಲ್ಲಿ ಈ ಪಂಪು ದೋಣಿಯ ಒಳಗೇ ಕೂತಿರುತ್ತದೆ. ತಳದ ಹಿಂಭಾಗದಲ್ಲಿ ನೀರು ನುಂಗುವ ಒಂದು ಬಾಯಿ. ಅಲ್ಲಿಂದ ಓರೆಯಾಗಿ ಮೇಲಕ್ಕೇರುವ ಒಂದು ಗಂಟಲು. ಗಂಟಲಿನ ಕೊನೆಗೆ ಮೋಟಾರು ತಿರುಗಿಸುವ ಇಂಪೆಲ್ಲರ್ ಎಂಬ ರೆಕ್ಕೆಚಕ್ರ. ಅದರ ಹಿಂದೆ ಅಲುಗಾಡದ ಕೆಲವು ರೆಕ್ಕೆಗಳು. ತಿರುಗುತ್ತಾ ಬರುವ ನೀರಿನ ಸುಳಿಯನ್ನು ಬಿಡಿಸಿ ನೇರ ಮಾಡುವುದು ಅವುಗಳ ಕೆಲಸ. ಕೊನೆಗೆ ಕಿರಿದಾದ ಮೂತಿ. ಈ ಮೂತಿಯ ತುದಿಯಲ್ಲಿರುವ ತುಂಡು ಎಡಕ್ಕೂ ಬಲಕ್ಕೂ ತಿರುಗುವುದರಿಂದ ಚುಕ್ಕಾಣಿ ಬೇರೆ ಬೇಕಿಲ್ಲ. ನೀರಿನ ಧಾರೆಗೆ ಅಡ್ಡಲಾಗಿ ಒಂದು ಬಾಗಿದ ಬೋಗುಣಿಯನ್ನು ಇಳಿಸಿ ಧಾರೆಯನ್ನು ಮುಂದಕ್ಕೆ ತಿರುಗಿಸಿದರೆ ದೋಣಿ ಹಿಂದಕ್ಕೂ ಚಲಿಸುತ್ತದೆ.

ದೋಣಿಯ ತಳದ ಕೆಳಗೆ ತೂಗಾಡುವ ಯಾವ ವಸ್ತುವೂ ಇಲ್ಲವೆಂಬುದೇ ಇದರ ದೊಡ್ಡ ಗುಣ. ಬೇಸಿಗೆಯ ತುಂಗೆಯನ್ನು ನೋಡಿ. ಬಂಡೆಗಳ ನಡುವೆ ಕೆಲವೆಡೆ ಮೊಣಕಾಲುದ್ದವೂ ನೀರಿರುವುದಿಲ್ಲ. ಅಲ್ಲಿ ಪ್ರೊಪೆಲ್ಲರ್ ಇರುವ ದೋಣಿ ಓಡಿಸಿದರೆ ಮೊದಲ ಬಂಡೆಗೇ ಪ್ರೊಪೆಲ್ಲರ್ ಮುರಿದೀತು. ಜೆಟ್ ದೋಣಿಗೆ ಆ ಭಯ ಕಡಿಮೆ.

ಸೋತ ಜೆಟ್, ಗೆದ್ದ ಜೆಟ್

ಜೆಟ್ಟಿನ ಆಲೋಚನೆ ಹೊಸದೇನಲ್ಲ. 1787ರಲ್ಲೇ ಅಮೆರಿಕದ ಜೇಮ್ಸ್ ರಮ್ಸಿ ಎಂಬಾತ ಪೊಟೊಮ್ಯಾಕ್ ನದಿಯಲ್ಲಿ ಉಗಿಯಂತ್ರದಿಂದ ನೀರನ್ನು ಹಿಂದಕ್ಕೆ ತಳ್ಳುವ ದೋಣಿಯನ್ನು ಓಡಿಸಿ ತೋರಿಸಿದ. 1866ರಲ್ಲಿ ಬ್ರಿಟನ್ನಿನ ನೌಕಾಪಡೆ ‘ವಾಟರ್‌ವಿಚ್’ ಎಂಬ ಜೆಟ್ ಚಾಲಿತ ಯುದ್ಧನೌಕೆಯನ್ನೇ ನೀರಿಗಿಳಿಸಿತು. ಕಬ್ಬಿಣದ ಕವಚ ಹೊದ್ದ ಆ ಭಾರದ ನೌಕೆ ಮುಟ್ಟಿದ್ದು ಸುಮಾರು 9 ನಾಟ್ ವೇಗ. ಮಾಮೂಲಿ ಪ್ರೊಪೆಲ್ಲರ್ ಇದ್ದ ಅದರ ಜೊತೆಯ ನೌಕೆಗಿಂತ ಹೆಚ್ಚಿನದೇನನ್ನೂ ಅದು ಸಾಧಿಸಲಿಲ್ಲ. ಜೆಟ್ ಮತ್ತೆ ಹಲವು ದಶಕಗಳ ಕಾಲ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿ ತಂದವನು ನ್ಯೂಜಿಲೆಂಡಿನ ಕುರಿಸಾಕಣೆಗಾರ ಬಿಲ್ ಹ್ಯಾಮಿಲ್ಟನ್. ಅವನ ಊರಿನ ಸುತ್ತಲಿನ ನದಿಗಳು ಜಲ್ಲಿಕಲ್ಲುಗಳ ಮೇಲೆ ಹಲವು ಕವಲಾಗಿ ಹರಿಯುವ, ಆಳವಿಲ್ಲದ, ಸೆಳೆತದ ಹೊಳೆಗಳು. 1954ರ ಹೊತ್ತಿಗೆ ಅವನು ಪ್ಲೈವುಡ್ಡಿನ ಪುಟ್ಟ ದೋಣಿಗೆ ಕಾರಿನ ಎಂಜಿನ್ ಮತ್ತು ಪಂಪು ಜೋಡಿಸಿ ಪ್ರಯೋಗ ನಡೆಸಿದ. ಮೊದಲು ನೀರಿನ ಧಾರೆ ತಳದ ಕೆಳಗಿನಿಂದಲೇ ಹೊರಬೀಳುತ್ತಿತ್ತು; ವೇಗ ಅಷ್ಟಕ್ಕಷ್ಟೆ. ಮೂತಿಯನ್ನು ಮೇಲೆತ್ತಿ, ಧಾರೆ ನೀರಿನ ಮಟ್ಟಕ್ಕಿಂತ ಮೇಲೆ, ಗಾಳಿಗೆ ಚಿಮ್ಮುವಂತೆ ಮಾಡಿದ. ದೋಣಿಯ ವೇಗ ಎದ್ದು ಕಾಣುವಂತೆ ಏರಿತು. ಕೆಳಗೆ ಜೋತುಬಿದ್ದ ಕೊಳವೆ ಇಲ್ಲವಾದ್ದರಿಂದ ಒಡಲಿನ ತಳ ನುಣುಪಾಗಿ, ನೀರಿನ ಎಳೆತ ಕಡಿಮೆಯಾಗಿತ್ತು. 1960ರಲ್ಲಿ ಹ್ಯಾಮಿಲ್ಟನ್ ಜೆಟ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯ ಮಹಾ ಕಣಿವೆಯಲ್ಲಿ ಪ್ರವಾಹಕ್ಕೆ ಎದುರಾಗಿ ಏರಿ ಹೋದವು.

ಭಾರದ, ನಿಧಾನದ ಒಡಲಿಗೆ ಕಟ್ಟಿದ ಜೆಟ್ ಸೋತಿತು. ಹಗುರಾದ, ನುಣುಪು ತಳದ ಒಡಲಿಗೆ ಕಟ್ಟಿದ ಜೆಟ್ ಗೆದ್ದಿತು. ಮಾದರಿ ದೋಣಿ ಕಟ್ಟುವವರಿಗೂ ಪಾಠ ಇದೇ.

ತನ್ನ ಅಲೆಗೆ ತಾನೇ ಸೆರೆ

ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಮೂತಿಯ ಬಳಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆ ದೋಣಿಯಷ್ಟೇ ಉದ್ದವಾದಾಗ ತೊಡಕು ಶುರು: ದೋಣಿಯ ಹಿಂಭಾಗ ಅಲೆಯ ತಗ್ಗಿನಲ್ಲಿ ಇಳಿಯುತ್ತದೆ, ಮುಂಭಾಗ ದಿಬ್ಬ ಹತ್ತುತ್ತದೆ. ತಾನೇ ಎಬ್ಬಿಸಿದ ಗುಡ್ಡವನ್ನು ತಾನೇ ಹತ್ತಲಾರದೆ ದೋಣಿ ಏದುಸಿರು ಬಿಡುತ್ತದೆ. ಒಡಲು ಉದ್ದವಾದಷ್ಟೂ ಈ ಸೆರೆಯ ವೇಗ ಹೆಚ್ಚು. 60 ಸೆಂಟಿಮೀಟರ್ ಉದ್ದದ ಮಾದರಿ ದೋಣಿಗೆ ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 1 ಮೀಟರ್, ಎಂದರೆ ಗಂಟೆಗೆ ಮೂರೂವರೆ ಕಿಲೋಮೀಟರ್ ಮಾತ್ರ. ನಾವು ನಡೆಯುವುದು ಅದಕ್ಕಿಂತ ಜೋರು!

ಈ ಸೆರೆಯಿಂದ ತಪ್ಪಿಸಿಕೊಳ್ಳುವ ದಾರಿ ನೀರನ್ನು ಸೀಳುವುದು ಬಿಟ್ಟು ನೀರಿನ ಮೇಲೆ ಜಾರುವುದು. ಹೊಳೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಅದು ಮುಳುಗದೆ ಕುಪ್ಪಳಿಸುತ್ತಾ ಹೋಗುತ್ತದೆ. ಕಲ್ಲನ್ನು ಎತ್ತಿ ಹಿಡಿಯುವುದು ತೇಲುವ ಗುಣವಲ್ಲ, ವೇಗ. ಅದೇ ರೀತಿ ತಕ್ಕ ಆಕಾರದ ತಳ ಇದ್ದರೆ, ಸಾಕಷ್ಟು ವೇಗ ಬಂದಾಗ ನೀರೇ ಒಡಲನ್ನು ಮೇಲಕ್ಕೆ ಒತ್ತುತ್ತದೆ. ದೋಣಿ ತನ್ನ ಅಲೆಯ ದಿಬ್ಬ ಹತ್ತಿ, ಅದರ ಮೇಲೇ ಕೂತು, ಹಿಂಭಾಗದ ಸ್ವಲ್ಪ ಜಾಗವನ್ನಷ್ಟೇ ನೀರಿಗೆ ತಾಗಿಸಿ ಓಡುತ್ತದೆ.

ಎಲ್ಲ ಆಕಾರಕ್ಕೂ ಈ ಭಾಗ್ಯವಿಲ್ಲ. ನಮ್ಮ ಹರಿಗೋಲು ಆಳವಿಲ್ಲದ ನೀರಿಗೆ ಬಹಳ ಒಳ್ಳೆಯ ವಾಹನ, ಆದರೆ ಅದರ ದುಂಡು ಒಡಲು ಜಾರುವ ಬದಲು ಗಿರಗಿರನೆ ತಿರುಗುತ್ತದೆ. ಹಿಂಭಾಗ ಮೇಲಕ್ಕೆ ಬಾಗಿರುವ ಸಾಮಾನ್ಯ ದೋಣಿ, ವೇಗ ಹೆಚ್ಚಿದಂತೆ ಹಿಂದೆ ಕುಸಿಯುತ್ತದೆ. ಜಾರುವ ದೋಣಿಗೆ ಬೇಕಾದದ್ದು ಹಿಂದಿನ ಅರ್ಧದಲ್ಲಿ ಹಲಗೆಯಂತೆ ನೇರವಾಗಿರುವ ತಳ, ಹರಿತವಾಗಿ ಕತ್ತರಿಸಿದ ಅಂಚು, ಮತ್ತು ಹಗುರಾದ ಮೈ.

ಇಲ್ಲಿ ಅಳತೆಯ ಒಂದು ವಿಸ್ಮಯವಿದೆ. ಹಡಗುಗಳ ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ಪರೀಕ್ಷಿಸುವ ವಿದ್ಯೆಯನ್ನು ಬೆಳೆಸಿದವನು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1870ರ ದಶಕದಲ್ಲಿ ಅವನು ಮೇಣದ ಮಾದರಿಗಳನ್ನು ಮಾಡಿ ಎಳೆಯುತ್ತಿದ್ದ. ಹಡಗನ್ನು ಎಷ್ಟು ಪಟ್ಟು ಕಿರಿದು ಮಾಡುತ್ತೇವೋ ಅದರ ವರ್ಗಮೂಲದಷ್ಟು ಪಟ್ಟು ಮಾತ್ರ ವೇಗವನ್ನು ಇಳಿಸಬೇಕು, ಆಗ ಎರಡೂ ಎಬ್ಬಿಸುವ ಅಲೆಗಳ ವಿನ್ಯಾಸ ಒಂದೇ ಎಂಬುದು ಅವನ ನಿಯಮ. ಕಾರವಾರದ ತಿಲ್ಲಾಂಚಾಂಗನ್ನು 80 ಪಟ್ಟು ಕಿರಿದು ಮಾಡಿದರೆ ಮಾದರಿ ಸುಮಾರು 61 ಸೆಂಟಿಮೀಟರ್ ಉದ್ದ. 80ರ ವರ್ಗಮೂಲ ಸುಮಾರು 9. ಆದ್ದರಿಂದ ಅದರ 65 ಕಿಲೋಮೀಟರ್ ವೇಗಕ್ಕೆ ಮಾದರಿಯ ಸಮಾನ ವೇಗ ಗಂಟೆಗೆ 7 ಕಿಲೋಮೀಟರ್ ಮಾತ್ರ. ಅದೇ ಮಾದರಿಯನ್ನು ನೀವು 18 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಅದು 160 ಕಿಲೋಮೀಟರ್ ವೇಗದ ಯುದ್ಧನೌಕೆಗೆ ಸಮ! ಹಾಗಾಗಿ ನೌಕೆಯ ಆಕಾರವನ್ನು ಹಾಗೇ ನಕಲು ಮಾಡಿದರೆ ವೇಗದ ಮಾದರಿ ಆಗದು.

ತೂಕದ ಲೆಕ್ಕ ಇನ್ನೂ ಬಿಗಿ. ಉದ್ದ 80 ಪಟ್ಟು ಇಳಿದರೆ ತೂಕ 80ರ ಘನದಷ್ಟು, ಅಂದರೆ 5 ಲಕ್ಷ 12 ಸಾವಿರ ಪಟ್ಟು ಇಳಿಯಬೇಕು. 300 ಟನ್ನಿಗೆ ತುಸು ಮೇಲಿರುವ ಆ ನೌಕೆಯ ಮಾದರಿ ಮೋಟಾರು, ಬ್ಯಾಟರಿ ಎಲ್ಲ ಸೇರಿ ಸುಮಾರು 600 ಗ್ರಾಂ ತೂಗಬೇಕಾಗುತ್ತದೆ. ಅಂದಕ್ಕೆಂದು ಬಣ್ಣ, ರೇಲಿಂಗು, ಗೊಂಬೆ ಸಿಪಾಯಿ ಸೇರಿಸುವವರು ಈ ಲೆಕ್ಕವನ್ನು ಮರೆಯಬಾರದು.

ಹನ್ನೆರಡು ಮಿಲಿಮೀಟರಿನ ಜಲಪಾತ

ಇನ್ನು ಜೆಟ್ಟಿನ ಲೆಕ್ಕ. ಮೂತಿಯ ಒಳವ್ಯಾಸ 12 ಮಿಲಿಮೀಟರ್ ಎಂದುಕೊಳ್ಳಿ. ಅದರಿಂದ ನೀರು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೊರಬೀಳಲಿ; ಮೊದಲು ಹೇಳಿದ 5 ಮೀಟರ್ ಎತ್ತರದ ಜಲಪಾತದಷ್ಟೇ ವೇಗ. ಆಗ ಸೆಕೆಂಡಿಗೆ ಹೊರಬರುವ ನೀರು 1.13 ಲೀಟರ್, ಅಂದರೆ 1.13 ಕಿಲೋಗ್ರಾಂ. ದೋಣಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಪಂಪು ನೀರಿಗೆ ಹೊಸದಾಗಿ ಕೊಟ್ಟ ವೇಗ 5 ಮೀಟರ್. ಎರಡನ್ನೂ ಗುಣಿಸಿದರೆ ಸಿಗುವ ನೂಕುಬಲ ಸುಮಾರು 5.6 ನ್ಯೂಟನ್. ತಕ್ಕಡಿಯ ಭಾಷೆಯಲ್ಲಿ ಹೇಳುವುದಾದರೆ 570 ಗ್ರಾಮಿನ ಭಾರದಷ್ಟು. ಹಗುರಾದ ಜಾರುದೋಣಿಗೆ ಇದು ಧಾರಾಳ.

ಹಾಗಾದರೆ ವಾಟರ್‌ವಿಚ್ ಯಾಕೆ ಸೋತಿತು? ಉತ್ತರ ದಕ್ಷತೆಯಲ್ಲಿದೆ. ದೋಣಿಯ ಹಿಂದೆ ಕಲಕಿಹೋಗುವ ನೀರಿನಲ್ಲಿ ಉಳಿಯುವ ವೇಗವೆಲ್ಲ ನಷ್ಟದ ಬಾಬತ್ತು. ದೋಣಿಯ ವೇಗ 5 ಮೀಟರ್, ಧಾರೆಯ ವೇಗ 10 ಮೀಟರ್ ಇದ್ದಾಗ ನೀರಿಗೆ ಕೊಟ್ಟ ಶಕ್ತಿಯ 100 ಪಾಲಿನಲ್ಲಿ 67 ಪಾಲು ದೋಣಿಯನ್ನು ನೂಕಲು ಬಳಕೆಯಾಗುತ್ತದೆ. ಅದೇ ದೋಣಿ ತನ್ನ ಅಲೆಗೆ ಸೆರೆಯಾಗಿ ಸೆಕೆಂಡಿಗೆ 1 ಮೀಟರಿನಲ್ಲಿ ತೆವಳುತ್ತಿದ್ದರೆ ಬಳಕೆಯಾಗುವುದು ಬರೀ 18 ಪಾಲು. ಉಳಿದ 82 ಪಾಲು ನೀರನ್ನು ಕಲಕಿ ವ್ಯರ್ಥ. ಜೆಟ್ ಅದೇ, ಮೋಟಾರು ಅದೇ, ಬ್ಯಾಟರಿ ಅದೇ. ವ್ಯತ್ಯಾಸ ತಂದದ್ದು ಒಡಲು.

ಒಡಲು ಜಾರಿದರೆ ಜೆಟ್ಟಿಗೆ ದಕ್ಷತೆ. ಜೆಟ್ ಸಾಕಷ್ಟು ನೂಕಿದರೆ ತಾನೇ ಒಡಲು ಜಾರುವುದು. ಇವೆರಡೂ ಒಂದನ್ನೊಂದು ಕಾಯುತ್ತ ಕೂರುವ ಘಟ್ಟವೇ ಆ ಅಲೆಯ ದಿಬ್ಬ. ದಿಬ್ಬ ಹತ್ತಿಸುವುದೇ ವಿನ್ಯಾಸಕಾರನ ನಿಜವಾದ ಪರೀಕ್ಷೆ.

ಒಡಲು, ಜೆಟ್ ಕೂಡುವ ಜಾಗ

ಎರಡರ ಹೊಂದಾಣಿಕೆ ಎಲ್ಲೆಲ್ಲಿ ತಪ್ಪಬಹುದು ಎಂಬುದನ್ನು ಅನುಭವಿಗಳು ಪಟ್ಟಿ ಮಾಡಬಲ್ಲರು. ಮುಖ್ಯವಾದವು ಇವು.

ಮೊದಲನೆಯದು ಬಾಯಿಯ ಮುಂದಿನ ತಳ. ಜೆಟ್ಟಿನ ದೊಡ್ಡ ಶತ್ರು ಗಾಳಿಗುಳ್ಳೆ. ಗುಳ್ಳೆ ನುಂಗಿದ ಪಂಪು ಕಿರುಚುತ್ತದೆ, ನೂಕುವುದಿಲ್ಲ. ಪ್ರೊಪೆಲ್ಲರ್ ದೋಣಿಗಳ ತಳದಲ್ಲಿ ಉದ್ದಕ್ಕೂ ಏಣುಗಳನ್ನು ಕೊಡುವುದುಂಟು, ಅಡ್ಡಲಾಗಿ ಮೆಟ್ಟಿಲು ಕತ್ತರಿಸುವುದೂ ಉಂಟು. ತಳದ ಕೆಳಗೆ ಗಾಳಿ ಸೇರಿಸಿ ಎಳೆತ ಕಡಿಮೆ ಮಾಡುವುದು ಆ ಮೆಟ್ಟಿಲಿನ ಉದ್ದೇಶ. ಪ್ರೊಪೆಲ್ಲರಿಗೆ ಒಳ್ಳೆಯದಾದ ಆ ಉಪಾಯ ಜೆಟ್ಟಿಗೆ ವಿಷ. ಬಾಯಿಯ ನೇರ ಮುಂದೆ ಏಣು, ಮೆಟ್ಟಿಲು, ಸ್ಕ್ರೂ ತಲೆ, ಅಂಟಿನ ಗಂಟು ಯಾವುದೂ ಇರಬಾರದು. ಏಣು ಬೇಕೇ ಬೇಕೆಂದರೆ ಬಾಯಿಗೆ ಬಹಳ ಮುಂಚೆಯೇ ಅದನ್ನು ಮುಗಿಸಬೇಕು.

ಎರಡನೆಯದು ತಳದ ಇಳಿಜಾರು. ಪೂರಾ ಚಪ್ಪಟೆ ತಳ ಬೇಗ ಜಾರುತ್ತದೆ, ಆದರೆ ಸಣ್ಣ ಅಲೆಗೂ ಪಟಪಟನೆ ಬಡಿದು ಬಾಯಿಗೆ ಗಾಳಿ ತುಂಬುತ್ತದೆ. ತಿರುವಿನಲ್ಲಿ ಪಕ್ಕಕ್ಕೆ ಜಾರಿಹೋಗುತ್ತದೆ. ಕಡಿದಾದ ‘ವಿ’ ಆಕಾರದ ತಳ ಅಲೆಯನ್ನು ಚೆನ್ನಾಗಿ ಸೀಳುತ್ತದೆ, ಆದರೆ ಜಾರಲು ಹೆಚ್ಚು ಶಕ್ತಿ ಕೇಳುತ್ತದೆ. ಹಿಂಭಾಗದಲ್ಲಿ 10ರಿಂದ 20 ಡಿಗ್ರಿ ಇಳಿಜಾರು ಕೊಟ್ಟು, ‘ವಿ’ಯ ತುದಿಯನ್ನು ಬಾಯಿಯ ಅಗಲಕ್ಕೆ ಮಾತ್ರ ಚಪ್ಪಟೆಯಾಗಿಸುವುದು ಒಳ್ಳೆಯ ರಾಜಿ.

ಮೂರನೆಯದು ಪಂಪಿನ ಎತ್ತರ. ದೋಣಿ ನಿಂತಿರುವಾಗ ಇಂಪೆಲ್ಲರಿನ ಅರ್ಧವಾದರೂ ನೀರಿನಲ್ಲಿ ಮುಳುಗಿರಬೇಕು. ಇಲ್ಲವಾದರೆ ಅದು ಗಾಳಿಯಲ್ಲಿ ತಿರುಗುತ್ತದೆಯೇ ಹೊರತು ನೀರನ್ನು ಎಳೆದುಕೊಳ್ಳುವುದಿಲ್ಲ. ಹಾಗೆಂದು ತೀರಾ ಕೆಳಗಿಟ್ಟರೆ ಧಾರೆ ನೀರಿನೊಳಗೇ ಬಿದ್ದು, ಹ್ಯಾಮಿಲ್ಟನ್ ಮೊದಲು ಪಟ್ಟ ಪಾಡು ನಿಮ್ಮದಾಗುತ್ತದೆ.

ನಾಲ್ಕನೆಯದು ಗಂಟಲಿನ ಆಕಾರ. ತಳದ ನೀರು ದಿಢೀರನೆ ಮೇಲಕ್ಕೆ ತಿರುಗಲಾರದು. ಗಂಟಲಿನ ಮೇಲ್ಛಾವಣಿ ಮೆಲ್ಲಗೆ ಏರಬೇಕು, ಹಿಂದಿನ ತುಟಿ ದುಂಡಗಿರಬೇಕು. ಬಾಯಿಗೆ ಸಣ್ಣ ಸರಳುಗಳ ಜಾಲರಿ ಇರಲೇಬೇಕು. ಮಲೆನಾಡಿನ ಕೆರೆಗಳಲ್ಲಿ ತರಗೆಲೆ, ಪಾಚಿ, ಅಡಿಕೆ ಸಿಪ್ಪೆಯ ನಾರು ಯಾವುದಕ್ಕೂ ಕೊರತೆಯಿಲ್ಲ. ಇಂಪೆಲ್ಲರಿಗೂ ಅದರ ಕೊಳವೆಗೂ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಹೆಚ್ಚಿದರೆ ನೀರು ಅಲ್ಲೇ ಹಿಂದಕ್ಕೆ ಸೋರುತ್ತದೆ. ಮರಳು ನುಂಗಿದ ಜೆಟ್ ಒಂದೇ ದಿನದಲ್ಲಿ ಈ ಸಂದನ್ನು ದೊಡ್ಡದು ಮಾಡಿಕೊಳ್ಳಬಲ್ಲದು.

ಐದನೆಯದು ಸಮತೂಕ. ಗಂಟಲಿನಲ್ಲಿ ಸದಾ ತುಂಬಿರುವ ನೀರೂ ದೋಣಿಗೆ ಭಾರವೇ. 3 ಸೆಂಟಿಮೀಟರ್ ವ್ಯಾಸ, 15 ಸೆಂಟಿಮೀಟರ್ ಉದ್ದದ ಗಂಟಲಿನಲ್ಲಿ 100 ಗ್ರಾಮಿಗೂ ಹೆಚ್ಚು ನೀರು ನಿಂತಿರುತ್ತದೆ. ಪಂಪು, ಮೋಟಾರು, ಈ ನೀರು ಎಲ್ಲವೂ ಹಿಂಭಾಗದಲ್ಲೇ. ಭಾರ ತೀರಾ ಹಿಂದಾದರೆ ದೋಣಿ ಮೂತಿ ಎತ್ತಿಕೊಂಡು ದಿಬ್ಬ ಹತ್ತದೆ ನಿಲ್ಲುತ್ತದೆ, ಇಲ್ಲವೇ ಓಡುವಾಗ ಕುದುರೆಯಂತೆ ಕುಣಿಯುತ್ತದೆ. ಒಂದೊಂದು ಕುಣಿತಕ್ಕೂ ಬಾಯಿ ಗಾಳಿ ನುಂಗುತ್ತದೆ. ಭಾರ ತೀರಾ ಮುಂದಾದರೆ ಮೂತಿ ನೀರಿಗೆ ಊರಿ ದೋಣಿ ಅಡ್ಡಾದಿಡ್ಡಿ ಹೋಗುತ್ತದೆ. ಹಿಂಬದಿಯ ಹಲಗೆಯಿಂದ ಒಟ್ಟು ಉದ್ದದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ತೂಕದ ಕೇಂದ್ರ ಬರುವಂತೆ ಬ್ಯಾಟರಿಯನ್ನು ಇಟ್ಟು ಪರೀಕ್ಷೆ ಶುರುಮಾಡಬಹುದು.

ಅಳೆದವನೇ ಬಲ್ಲ

ದೋಣಿ ‘ಜೋರಾಗಿ’ ಹೋಯಿತು ಎನ್ನುವುದು ಆಟ. ಎಷ್ಟು ಜೋರು ಎಂದು ಹೇಳುವುದು ವಿಜ್ಞಾನ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಒಂದು ಬಕೆಟ್, ಒಂದು ಸ್ಪ್ರಿಂಗ್ ತ್ರಾಸು, ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಸಾಕು.

ಅಂಗಳದ ನೀರಿನ ತೊಟ್ಟಿಯಲ್ಲಿ ದೋಣಿಯನ್ನು ಕಟ್ಟಿ ನಿಲ್ಲಿಸಿ, ಧಾರೆ ಹೊರಗಿನ ಬಕೆಟ್ಟಿಗೆ ಬೀಳುವಂತೆ ಮಾಡಿ 10 ಸೆಕೆಂಡು ಓಡಿಸಿ. ಬಕೆಟ್ಟಿನ ನೀರನ್ನು ಅಳೆದು, ಆ 10 ಸೆಕೆಂಡಿನಿಂದಲೂ ಮೂತಿಯ ವಿಸ್ತೀರ್ಣದಿಂದಲೂ ಭಾಗಿಸಿದರೆ ಧಾರೆಯ ವೇಗ ಸಿಕ್ಕಿತು. 12 ಮಿಲಿಮೀಟರಿನ ಮೂತಿಯಿಂದ 11 ಲೀಟರಿಗೆ ತುಸು ಹೆಚ್ಚು ಬಂದರೆ ನಿಮ್ಮ ಜೆಟ್ ಸೆಕೆಂಡಿಗೆ 10 ಮೀಟರ್ ಮುಟ್ಟಿದೆ ಎಂದರ್ಥ. ಆಮೇಲೆ ದೋಣಿಯ ಹಿಂಬದಿಗೆ ದಾರ ಕಟ್ಟಿ ತ್ರಾಸಿಗೆ ಸಿಕ್ಕಿಸಿದರೆ ನಿಂತಲ್ಲೇ ಎಷ್ಟು ಎಳೆಯುತ್ತದೆಂದು ತಿಳಿಯುತ್ತದೆ.

ವೇಗ ಅಳೆಯಲು ದಡದಲ್ಲಿ 20 ಮೀಟರ್ ಅಂತರಕ್ಕೆ ಎರಡು ಕೋಲು ನೆಡಿ. ದೋಣಿ ಮೊದಲೇ ಪೂರ್ಣ ವೇಗಕ್ಕೆ ಬಂದು ಕೋಲು ದಾಟಲಿ. ಗಾಳಿ ಅಥವಾ ಸೆಳೆತ ಇರುವಲ್ಲಿ ಎರಡೂ ದಿಕ್ಕಿಗೆ ಓಡಿಸಲೇಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹರಿವಿನ ಜೊತೆ 4 ಸೆಕೆಂಡು, ಎದುರು 5 ಸೆಕೆಂಡು ಹಿಡಿಯಿತು ಎನ್ನಿ. ಸಮಯಗಳ ಸರಾಸರಿ ತೆಗೆಯಬೇಡಿ. ಮೊದಲನೆಯ ಓಟದ ವೇಗ 5 ಮೀಟರ್, ಎರಡನೆಯದು 4 ಮೀಟರ್. ವೇಗಗಳ ಸರಾಸರಿ 4.5 ಮೀಟರ್. ಅದೇ ನಿಂತ ನೀರಿನಲ್ಲಿ ನಿಮ್ಮ ದೋಣಿಯ ವೇಗ. ಉಳಿದ ಅರ್ಧ ಮೀಟರ್ ಹರಿವಿನದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇವತ್ತು ಬ್ಯಾಟರಿಯನ್ನು 1 ಸೆಂಟಿಮೀಟರ್ ಮುಂದಕ್ಕೆ ಸರಿಸಿದರೆ ಬೇರೇನನ್ನೂ ಮುಟ್ಟಬೇಡಿ. ಹತ್ತು ಓಟ, ಹತ್ತು ಅಂಕಿ, ಒಂದು ಗ್ರಾಫು. ಮೂತಿಯನ್ನು 12ರಿಂದ 11 ಮಿಲಿಮೀಟರಿಗೆ ಇಳಿಸಿದರೆ ಧಾರೆ ಚುರುಕಾಗುತ್ತದೆ, ನೀರಿನ ಪ್ರಮಾಣ ಇಳಿಯುತ್ತದೆ. ಲಾಭವೋ ನಷ್ಟವೋ ನಿಮ್ಮ ಒಡಲೇ ಹೇಳಬೇಕು. ಪಕ್ಕದ ಊರಿನವನ ದೋಣಿಗೆ ಹೊಂದಿದ ಮೂತಿ ನಿಮ್ಮದಕ್ಕೆ ಹೊಂದದಿರಬಹುದು.

ಅಪ್ಪ ಅಮ್ಮಂದಿರಿಗೆ ನಾಲ್ಕು ಮಾತು

ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೆ ‘ನೀರಿನ ಹತ್ತಿರ ಹೋಗಬೇಡ’ ಎಂದು ಹೇಳದ ದಿನವಿಲ್ಲ. ಅದು ಸುಮ್ಮನೆ ಹುಟ್ಟಿದ ಮಾತಲ್ಲ. ಮಾದರಿ ದೋಣಿಯ ಹವ್ಯಾಸದಲ್ಲಿ ಅತಿ ದೊಡ್ಡ ಅಪಾಯ ದೋಣಿಯದ್ದಲ್ಲ, ನಡುನೀರಿನಲ್ಲಿ ನಿಂತುಹೋದ ದೋಣಿಯನ್ನು ತರಲು ಮಗು ನೀರಿಗಿಳಿಯುವುದು. ಜೆಟ್ ದೋಣಿ ಹೀಗೆ ನಿಲ್ಲುವ ಸಂಭವವೂ ಹೆಚ್ಚು: ಒಂದು ತರಗೆಲೆ ಬಾಯಿಗೆ ಅಡ್ಡವಾದರೆ ಸಾಕು. ಅದಕ್ಕೆ ಚುಕ್ಕಾಣಿ ಇಲ್ಲದ್ದರಿಂದ ಮೋಟಾರು ನಿಂತ ಕೂಡಲೇ ತಿರುಗಿಸುವ ಶಕ್ತಿಯೂ ಹೋಗುತ್ತದೆ. ದಡ ಬರುತ್ತಿದೆಯೆಂದು ಹೆದರಿ ವೇಗವನ್ನು ಪೂರ್ತಿ ಇಳಿಸಿದರೆ ದೋಣಿ ನೇರವಾಗಿ ದಡಕ್ಕೇ ಬಂದು ಬಡಿಯುತ್ತದೆ. ಸ್ವಲ್ಪ ಧಾರೆ ಉಳಿಸಿಕೊಂಡೇ ತಿರುಗಿಸಬೇಕೆಂಬುದನ್ನು ಮೊದಲ ದಿನವೇ ಕಲಿಸಿ.

ಆದ್ದರಿಂದ ಜಾಗದ ಆಯ್ಕೆ ಹಿರಿಯರದ್ದಾಗಿರಲಿ. ಜಲಪಾತದ ಗುಂಡಿ ಬೇಡ, ಹರಿಯುವ ಹೊಳೆ ಬೇಡ. ನರಸಿಂಹರಾಜಪುರದ ಬಳಿ ಭದ್ರಾ ಹಿನ್ನೀರು ಎಷ್ಟೇ ಶಾಂತವಾಗಿ ಕಂಡರೂ ಅದರ ಆಳ ದಡದಿಂದ ತಿಳಿಯದು. ಶೃಂಗೇರಿಯ ಮಠದ ಬಳಿ ಮೀನುಗಳಿರುವ ಘಟ್ಟದಲ್ಲಂತೂ ದೋಣಿಯ ಮಾತೇ ಬೇಡ. ಆ ಮೀನುಗಳಿಗೆ ಜನ ಕಾಳು ಹಾಕಿ ಕೈಮುಗಿಯುತ್ತಾರೆ. ದೊಡ್ಡವರ ಸೊಂಟಕ್ಕಿಂತ ಆಳವಿಲ್ಲದ, ತಳ ಕಾಣುವ, ನಿಂತ ನೀರಿನ ತೋಟದ ಕೆರೆಯೋ ದೊಡ್ಡ ತೊಟ್ಟಿಯೋ ಸಾಕು. ನಿಂತ ದೋಣಿಯನ್ನು ಎಳೆದು ತರಲು ಉದ್ದ ಗಾಳದ ದಾರಕ್ಕೆ ಒಂದು ಮರದ ತುಂಡು ಕಟ್ಟಿ ಸದಾ ಜೊತೆಗಿಟ್ಟುಕೊಳ್ಳಿ. ಈಜು ಬಲ್ಲ ಹಿರಿಯರೊಬ್ಬರು ಇಲ್ಲದಿದ್ದರೆ ಆ ದಿನ ಓಟ ಇಲ್ಲ ಎಂಬ ನಿಯಮ ಕಡ್ಡಾಯ.

ಬ್ಯಾಟರಿಯ ವಿಚಾರದಲ್ಲೂ ಎಚ್ಚರ. ಇಂದಿನ ಹಗುರಾದ ಲಿಥಿಯಂ ಬ್ಯಾಟರಿಗಳು ಶಕ್ತಿಶಾಲಿ, ಅಷ್ಟೇ ಮುಂಗೋಪಿ. ಅದಕ್ಕೆಂದೇ ಇರುವ ಚಾರ್ಜರನ್ನೇ ಬಳಸಬೇಕು. ಚಾರ್ಜಿಗಿಟ್ಟು ಮಲಗಬಾರದು. ಉಬ್ಬಿದ, ನೀರು ಹೊಕ್ಕ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಬ್ಯಾಟರಿಯ ಸಂಪರ್ಕ ಕಿತ್ತ ಮೇಲೆಯೇ ಬಾಯಿಯೊಳಗಿನ ಕಸಕ್ಕೆ ಬೆರಳು ಹಾಕಬೇಕು. ಇಂಪೆಲ್ಲರ್ ಚಿಕ್ಕದಾದರೂ ಹಲ್ಲು ಹರಿತ.

ದುಬಾರಿ ಸಾಮಾನಿನಿಂದಲೇ ಶುರುಮಾಡಬೇಕಿಲ್ಲ. ಮೊದಲು ಒಡಲು ಮಾತ್ರ ಮಾಡಲಿ. ಅಡಿಕೆ ಹಾಳೆ, ಥರ್ಮೋಕೋಲು, 3 ಮಿಲಿಮೀಟರಿನ ಪ್ಲೈವುಡ್ಡು ಯಾವುದಾದರೂ ಆದೀತು. ದುಂಡು ತಳ, ಚಪ್ಪಟೆ ತಳ, ‘ವಿ’ ತಳ ಎಂದು ಒಂದೇ ಉದ್ದ, ಒಂದೇ ತೂಕದ ಮೂರು ಒಡಲು ಮಾಡಿ, ದಾರ ಕಟ್ಟಿ, ತೊಟ್ಟಿಯ ಅಂಚಿನ ರಾಟೆಯ ಮೇಲಿಂದ ಒಂದೇ ತೂಕದ ನಟ್ಟು ಇಳಿಬಿಟ್ಟು ಎಳೆಸಲಿ. ಯಾವುದು ಬೇಗ ಬಂತು, ಯಾವುದು ಓಲಾಡಿತು ಎಂದು ಬರೆದಿಡಲಿ. ಫ್ರೌಡ್ ಮೇಣದ ಮಾದರಿಗಳಿಂದ ಕಲಿತದ್ದರ ಮೊದಲ ಪಾಠ ಆ ತೊಟ್ಟಿಯಲ್ಲೇ ಆಗುತ್ತದೆ. ಜೆಟ್ಟು ಆಮೇಲೆ ಬರಲಿ.

ಹೀಗೆ ಕಲಿತ ಹುಡುಗನಿಗೋ ಹುಡುಗಿಗೋ ಮುಂದೊಂದು ದಿನ ಪಠ್ಯದಲ್ಲಿ ಸಂವೇಗ, ದಕ್ಷತೆ, ವರ್ಗಮೂಲ ಎಂಬ ಪದಗಳು ಎದುರಾದಾಗ ಅವು ಬಾಯಿಪಾಠದ ಪದಗಳಾಗಿ ಉಳಿಯುವುದಿಲ್ಲ. ಬಿಡಿಭಾಗಗಳು ಒಂದೊಂದೂ ಚೆನ್ನಾಗಿದ್ದರೆ ಯಂತ್ರ ತಾನೇ ಚೆನ್ನಾಗಿರುತ್ತದೆ ಎಂಬ ತಪ್ಪು ಕಲ್ಪನೆಯೂ ಉಳಿಯುವುದಿಲ್ಲ. ದೋಣಿ ದಿಬ್ಬ ಹತ್ತದೆ ನಿಂತ ದಿನ ಅಂಗಡಿಗೆ ಓಡಿ ದೊಡ್ಡ ಮೋಟಾರು ಕೇಳದೆ, ನೋಟ್‌ಬುಕ್ ತೆರೆದು ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಸರಿಸಿ ನೋಡಿದರೆ, ಆ ಮಗು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಎಂಜಿನಿಯರ್ ಆಯಿತೆಂದು ತಿಳಿಯಿರಿ.